ಕೊಬ್ಬರಿ ಎಣ್ಣೆಗೆ ಒಗ್ಗಿದ ಕಾಸ್ಟಿಕ್ ಸೋಡಾ ಹೊಂಗೆ ಎಣ್ಣೆಗೆ ಏಕೆ ಹೆಚ್ಚಾಯಿತು?

ಪ್ರಶ್ನೆ: ನಮ್ಮದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ಸ್ವಸಹಾಯ ಸಂಘದ ಆರು ಜನ ಸೇರಿ ಮನೆಯಲ್ಲೇ ಸೋಪು ಮಾಡಲು ಶುರುಮಾಡಿದ್ದೇವೆ. ತುಮಕೂರಿನಿಂದ 5 ಕೆ.ಜಿ. ಕಾಸ್ಟಿಕ್ ಸೋಡಾ ತಂದೆ. ವಿಡಿಯೊದಲ್ಲಿ ಹೇಳಿದಂತೆ ಒಂದು ಕೆ.ಜಿ. ಕೊಬ್ಬರಿ ಎಣ್ಣೆಗೆ 180 ಗ್ರಾಂ ಸೋಡಾ ಹಾಕಿದ ಮೊದಲ ಸೋಪು ಚೆನ್ನಾಗಿಯೇ ಬಂತು. ಎರಡನೇ ಸಲ ಅದೇ ಅಳತೆಯಲ್ಲಿ ಒಂದು ಕೆ.ಜಿ. ಹೊಂಗೆ ಎಣ್ಣೆಯಿಂದ ಮಾಡಿದೆವು. ಸೋಡಾ ಕಲಸಲು ಅಲ್ಯುಮಿನಿಯಂ ದಬರಿ ತೆಗೆದುಕೊಂಡಿದ್ದೆ, ನೊರೆ ಉಕ್ಕಿ ದಬರಿ ಕಪ್ಪಾಯಿತು. ಅದನ್ನು ಚೆಲ್ಲಿ ಸ್ಟೀಲ್ ಪಾತ್ರೆಯಲ್ಲಿ ಹೊಸದಾಗಿ ಕಲಸಿದೆವು. ಮೂರು ವಾರ ಒಣಗಿಸಿದ ಮೇಲೆ ಆ ಸೋಪಿನಲ್ಲಿ ಬಟ್ಟೆ ಒಗೆದ ನನ್ನ ನಾದಿನಿಯ ಕೈ ಉರಿದು ಚರ್ಮ ಸುಲಿಯಿತು. ಮನೆಯಲ್ಲಿ ನಾಲ್ಕು ವರ್ಷದ ಮಗು ಇದೆ. "ಈ ವಿಷ ಮನೆಯಲ್ಲಿ ಬೇಡ, ಮೋರಿಗೆ ಸುರಿದುಬಿಡು" ಅನ್ನುತ್ತಾರೆ ಅತ್ತೆ. ಸುಟ್ಟರೆ ವಿನೆಗರ್ ಹಚ್ಚಿದರೆ ಸಾಕು ಅನ್ನುತ್ತಾರೆ ವಿಡಿಯೊದವರು. ನಿಂಬೆಹಣ್ಣಾದರೂ ನಡೆಯುತ್ತದೆಯೇ? ಬೂದಿನೀರಿನಿಂದ ಕೆಮಿಕಲ್ ಇಲ್ಲದ ಸೋಪು ಮಾಡಬಹುದಂತೆ, ನಿಜವೇ? ಉಳಿದ ಸೋಡಾ ಮತ್ತು ಆ ಹೊಂಗೆ ಸೋಪನ್ನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ "ಅದೇ ಅಳತೆಯಲ್ಲಿ" ಅನ್ನುವ ಮಾತು ಬಂದ ಕೂಡಲೇ ಮುಂದೇನಾಗಿರುತ್ತದೆ ಎಂದು ನನಗೆ ತಿಳಿಯಿತು. ಸಾಬೂನು ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ನಾನು ಮಾಡಿದ ಕೆಲಸವೆಂದರೆ ಮುಖ್ಯವಾಗಿ ಇದೇ. ಬಂದ ಎಣ್ಣೆಯನ್ನು ಪರೀಕ್ಷಿಸಿ, ಇದಕ್ಕೆ ಎಷ್ಟು ಸೋಡಾ ಬೇಕು ಎಂದು ಬರೆದುಕೊಡುವುದು. ಒಂದೊಂದು ಎಣ್ಣೆಯ ಹಸಿವು ಒಂದೊಂದು ರೀತಿ.

ಒಂದು ಸೇರು ಸಾಸಿವೆ, ಒಂದು ಸೇರು ಅವರೆಕಾಳು ಪಕ್ಕಪಕ್ಕ ಇಟ್ಟುಕೊಳ್ಳಿ. ಅಳತೆ ಒಂದೇ ಆದರೂ ಸಾಸಿವೆಯ ಕಾಳುಗಳು ಎಷ್ಟೋ ಪಟ್ಟು ಹೆಚ್ಚು. ಕೊಬ್ಬರಿ ಎಣ್ಣೆಯ ಕೊಬ್ಬಿನ ಅಣುಗಳು ಚಿಕ್ಕವು, ಹೊಂಗೆಯವು ದೊಡ್ಡವು. ಹಾಗಾಗಿ ಒಂದು ಕೆ.ಜಿ. ಕೊಬ್ಬರಿ ಎಣ್ಣೆಯಲ್ಲಿ ಅಣುಗಳ ಸಂಖ್ಯೆ ಹೆಚ್ಚು. ಸೋಡಾ ಸೇರುವುದು ಎಣ್ಣೆಯ ತೂಕಕ್ಕಲ್ಲ, ಅಣುಗಳ ಲೆಕ್ಕಕ್ಕೆ, ಅಣುವೊಂದಕ್ಕೆ ಮೂರರಂತೆ. ಒಂದು ಕೆ.ಜಿ. ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 183 ಗ್ರಾಂ ಸೋಡಾ ಬೇಕು. ಕಡಲೆಕಾಯಿ ಎಣ್ಣೆಗೆ 136 ಗ್ರಾಂ, ಹರಳೆಣ್ಣೆಗೆ 128 ಗ್ರಾಂ ಸಾಕು. ಹೊಂಗೆಗೆ 130ರಿಂದ 135. ನೀವು ಹಾಕಿದ್ದು 180. ಅಂದರೆ 45ರಿಂದ 50 ಗ್ರಾಂ ಕಾಸ್ಟಿಕ್ ಸೋಡಾ ಯಾವ ಎಣ್ಣೆಗೂ ಸೇರದೆ ಹಾಗೇ ಸೋಪಿನೊಳಗೆ ಕುಳಿತಿತ್ತು. ಬಟ್ಟೆಗೆ ಉಜ್ಜಿ ನೀರು ಹಾಕಿದಾಗ ಅದು ಹೊರಬಂದು ನಾದಿನಿಯ ಕೈಗೆ ಅಂಟಿತು.

"ಮೂರು ವಾರ ಒಣಗಿಸಿದ್ದೆವಲ್ಲ" ಎಂದು ನೀವು ಕೇಳಬಹುದು. ನಾಲ್ಕು ವಾರ ಇಟ್ಟರೆ ಸೋಡಾ ತಾನಾಗಿಯೇ ಹೋಗುತ್ತದೆ ಅನ್ನುವ ನಂಬಿಕೆ ಸೋಪು ಮಾಡುವವರಲ್ಲಿ ಬಹಳ ಬೇರೂರಿದೆ. ಎಣ್ಣೆ ಮತ್ತು ಸೋಡಾ ಕೂಡುವ ಕೆಲಸ ಬಹುಪಾಲು ಮೊದಲ ಒಂದೆರಡು ದಿನದಲ್ಲೇ ಮುಗಿಯುತ್ತದೆ. ಆಮೇಲಿನ ವಾರಗಳಲ್ಲಿ ಹೋಗುವುದು ನೀರು ಮಾತ್ರ, ಅದರಿಂದ ಸೋಪು ಗಟ್ಟಿಯಾಗುತ್ತದೆ, ಬೇಗ ಕರಗುವುದಿಲ್ಲ. ಹೆಚ್ಚಾದ ಸೋಡಾ ಆವಿಯಾಗುವ ವಸ್ತುವಲ್ಲ. ಸೋಪಿನ ಮೇಲ್ಮೈಯಲ್ಲಿ ಇದ್ದದ್ದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಬಿಳಿ ಪುಡಿಯಂತೆ ಬೂಸಲು ಕಟ್ಟಬಹುದು. ಒಳಗಿನದು ಒಳಗೇ ಇರುತ್ತದೆ.

ನಿಮ್ಮ ಮೊದಲ ಸೋಪು ಸರಿಬಂದದ್ದೂ ಕೂದಲೆಳೆಯಲ್ಲೇ. 183 ಬೇಕಾದಲ್ಲಿ 180 ಹಾಕಿದರೆ ಕೈತಪ್ಪಿಗೆ ಜಾಗ ಉಳಿಯುವುದು 3 ಗ್ರಾಂ ಮಾತ್ರ. ಲೆಕ್ಕಕ್ಕಿಂತ ನೂರಕ್ಕೆ ಐದರಷ್ಟು ಸೋಡಾ ಕಡಿಮೆ ಹಾಕಿ ಸ್ವಲ್ಪ ಎಣ್ಣೆಯನ್ನು ಹಾಗೇ ಉಳಿಸುವುದು ಕಸುಬಿನವರ ರೂಢಿ. ಕೊಬ್ಬರಿ ಎಣ್ಣೆಗೆ ಅದು ಕೆ.ಜಿ.ಗೆ 174 ಗ್ರಾಂ ಆಗುತ್ತದೆ. ಇನ್ನೊಂದು ಗುಂಡಿ ಇದೆ, ಅದರಲ್ಲಿ ಬಹಳ ಜನ ಬಿದ್ದಿದ್ದಾರೆ. ಗಾಣದಲ್ಲಿ ಎಣ್ಣೆಯನ್ನು ಲೀಟರಿನ ಲೆಕ್ಕದಲ್ಲಿ ತಂದು, ಅದನ್ನೇ ಕೆ.ಜಿ. ಎಂದು ಹಿಡಿಯುವುದು. ಒಂದು ಲೀಟರ್ ಕೊಬ್ಬರಿ ಎಣ್ಣೆ ತೂಗುವುದು ಸುಮಾರು 920 ಗ್ರಾಂ. ಅದಕ್ಕೆ 180 ಗ್ರಾಂ ಸೋಡಾ ಹಾಕಿದರೆ ಅದೂ ಉರಿಯುವ ಸೋಪೇ. ಎಣ್ಣೆ, ಸೋಡಾ, ನೀರು ಮೂರನ್ನೂ ತೂಗಬೇಕು. ಒಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಇಲ್ಲದಿದ್ದರೆ ಈ ಕೆಲಸಕ್ಕೆ ಕೈಹಾಕಬೇಡಿ. ಲೋಟದ ಅಳತೆ ಉಪ್ಪಿಟ್ಟಿಗೆ ಸರಿ.

ಈಗ ದಬರಿಯ ವಿಷಯ. ಕಾಸ್ಟಿಕ್ ಸೋಡಾ ಅಲ್ಯುಮಿನಿಯಂ ಅನ್ನು ತಿನ್ನುತ್ತದೆ. ತಿನ್ನುವಾಗ ಹೈಡ್ರೋಜನ್ ಅನಿಲ ಬಿಡುತ್ತದೆ, ಬೆಂಕಿ ಕಂಡರೆ ಹತ್ತಿಕೊಳ್ಳುವ ಅನಿಲ. ನೀವು ಕಂಡ ನೊರೆ ಅದೇ. ಪಕ್ಕದಲ್ಲಿ ಒಲೆ ಉರಿಯುತ್ತಿದ್ದರೆ ಕಥೆ ಬೇರೆಯಾಗುತ್ತಿತ್ತು. ಇದೇ ಗುಣವನ್ನು ಬೆಳಗಾವಿಯ ಅಲ್ಯುಮಿನಾ ಕಾರ್ಖಾನೆಯಲ್ಲಿ ದುಡಿಮೆಗೆ ಹಚ್ಚಿದ್ದಾರೆ. ಬಾಕ್ಸೈಟ್ ಅದಿರಿನ ಪುಡಿಯನ್ನು ಬಿಸಿ ಕಾಸ್ಟಿಕ್ ದ್ರಾವಣದಲ್ಲಿ ಹಾಕಿದರೆ ಅಲ್ಯುಮಿನಿಯಂನ ಅಂಶ ಕರಗಿ ಬರುತ್ತದೆ, ಕೆಂಪು ಮಣ್ಣು ಹಿಂದೆ ಉಳಿಯುತ್ತದೆ. ಅಲ್ಲಿ ಬೇಕಾದ ಕರಗುವಿಕೆ ನಿಮ್ಮ ದಬರಿಗೆ ಬೇಡ. ಸತುವಿನ ಲೇಪನದ ತಗಡಿನ ಬಕೆಟ್, ಕಲಾಯಿ ಹಾಕಿದ ಹಿತ್ತಾಳೆ ಪಾತ್ರೆಯೂ ಬೇಡ. ಗಾಜಿನ ಪಾತ್ರೆ ಬಿಸಿಗೆ ಸೀಳಬಹುದು. ಸ್ಟೀಲ್ ಪಾತ್ರೆ ಅಥವಾ ಬಿಸಿ ತಾಳುವ ದಪ್ಪ ಪ್ಲಾಸ್ಟಿಕ್ ಜಗ್ ಸರಿ. ಆ ದಬರಿಯನ್ನು ಮತ್ತೆ ಅಡುಗೆಗೆ ಬಳಸಬೇಡಿ, ಗುಜರಿಗೆ ಹಾಕಿ.

ಅತ್ತೆಯವರ "ವಿಷ" ಅನ್ನುವ ಮಾತಿಗೆ ಬರೋಣ. ನೀವು ಮೈಗೆ ಹಚ್ಚುವ ಯಾವ ಅಸಲಿ ಸೋಪೂ, ಮೈಸೂರು ಸ್ಯಾಂಡಲ್ ಸೋಪನ್ನೂ ಸೇರಿಸಿ, ಇಂಥ ಕ್ಷಾರವಿಲ್ಲದೆ ಹುಟ್ಟಿಲ್ಲ. ದಾಂಡೇಲಿಯಲ್ಲಿ ಮರದ ತಿರುಳು ಬೇಯಿಸಿ ಕಾಗದ ಮಾಡುವಲ್ಲಿ ಅದಿದೆ. ಡೇರಿಗಳಲ್ಲಿ ಹಾಲಿನ ಕೊಳವೆಗಳಿಗೆ ಅಂಟಿದ ಜಿಡ್ಡು ತೆಗೆಯಲು ನೂರಕ್ಕೆ ಒಂದೆರಡು ಭಾಗದಷ್ಟು ಕಾಸ್ಟಿಕ್ ಬೆರೆಸಿದ ಬಿಸಿನೀರು ಹರಿಸುತ್ತಾರೆ. ಕಾರವಾರದ ಬಿಣಗಾದಲ್ಲಿ ಉಪ್ಪುನೀರಿಗೆ ವಿದ್ಯುತ್ ಹರಿಸಿ ಇದನ್ನೇ ತಯಾರಿಸುತ್ತಾರೆ, ಜೊತೆಗೆ ಕ್ಲೋರಿನ್ ಕೂಡ ಸಿಗುತ್ತದೆ. ಎಣ್ಣೆಯೊಂದಿಗೆ ಸರಿಯಾದ ಲೆಕ್ಕದಲ್ಲಿ ಕೂಡಿದ ಮೇಲೆ ಸೋಡಾ ಸೋಡಾ ಆಗಿ ಉಳಿಯುವುದಿಲ್ಲ, ಸೋಪು ಮತ್ತು ಗ್ಲಿಸರಿನ್ ಆಗಿಬಿಡುತ್ತದೆ. ಆದರೆ ಡಬ್ಬಿಯಲ್ಲಿರುವ ಸೋಡಾದ ಬಗ್ಗೆ ಅತ್ತೆಯವರು ಹೇಳಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ಯವಿದೆ, ನಾಲ್ಕು ವರ್ಷದ ಮಗು ಇರುವಾಗಲಂತೂ.

ನಮ್ಮ ಮನೆಗಳಲ್ಲಿ "ಸೋಡಾ" ಅನ್ನುವ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ವಸ್ತು ಓಡಾಡುತ್ತವೆ. ಇಡ್ಲಿ, ಬೋಂಡಕ್ಕೆ ಹಾಕುವ ಅಡುಗೆ ಸೋಡಾ ಬಡಪಾಯಿ, ಅದರ ನೀರಿನ ಪಿಎಚ್, ಅಂದರೆ ಕ್ಷಾರದ ತೀಕ್ಷ್ಣತೆ ಹೇಳುವ ಅಳತೆ, ಎಂಟು ಚಿಲ್ಲರೆ. ಬಟ್ಟೆಯ ವಾಷಿಂಗ್ ಸೋಡಾ ಹನ್ನೊಂದರ ಸುತ್ತ ನಿಲ್ಲುತ್ತದೆ. ಕಾಸ್ಟಿಕ್ ಸೋಡಾದ ಒಂದು ಶೇಕಡಾ ದ್ರಾವಣವೇ ಹದಿಮೂರು ದಾಟುತ್ತದೆ. ಈ ಅಳತೆಯಲ್ಲಿ ಒಂದೊಂದು ಮೆಟ್ಟಿಲೂ ಹತ್ತು ಪಟ್ಟು. ಹಾಗಾಗಿ ಡಬ್ಬಿಯ ಮೇಲೆ ಬರಿಯ "ಸೋಡಾ" ಎಂದು ಬರೆದಿಡುವುದು ನಾನು ಕಂಡ ಅತ್ಯಂತ ಕೆಟ್ಟ ಅಭ್ಯಾಸ. ಇನ್ನು ನೋಟ. ಚಕ್ಕೆಯ ರೂಪದ್ದು ತೆಳ್ಳಗೆ ಹೆರೆದ ಕೊಬ್ಬರಿಯಂತೆ ಕಾಣುತ್ತದೆ, ಗುಂಡಗಿನ ಮಣಿಯ ರೂಪದ್ದು ಥೇಟ್ ಸಬ್ಬಕ್ಕಿ. ಕೊಬ್ಬರಿಯ ಊರಿನ ಮಗು ಅದನ್ನು ಕಂಡರೆ ಏನು ಮಾಡುತ್ತದೆ ಎಂದು ನಾನು ಬೇರೆ ಹೇಳಬೇಕಿಲ್ಲ.

ವಿನೆಗರ್, ನಿಂಬೆಹಣ್ಣು. ಕ್ಷಾರಕ್ಕೆ ಆಮ್ಲ ಮದ್ದು ಅನ್ನುವುದು ಶಾಲೆಯ ಪಾಠ, ಪರೀಕ್ಷಾ ನಳಿಕೆಯಲ್ಲಿ ಅದು ಸರಿ. ಸುಟ್ಟ ಚರ್ಮದ ಮೇಲೆ ಎರಡು ತೊಂದರೆ ಇವೆ. ಆಮ್ಲ ಮತ್ತು ಕ್ಷಾರ ಕೂಡುವಾಗ ಬಿಸಿ ಹುಟ್ಟುತ್ತದೆ. ಅದಕ್ಕಿಂತ ಮುಖ್ಯವಾಗಿ, ವಿನೆಗರ್ ಬಾಟಲಿ ಹುಡುಕಲು ಅಡುಗೆಮನೆಗೆ ಓಡುವ ಆ ಎರಡು ನಿಮಿಷದಲ್ಲಿ ಸೋಡಾ ತನ್ನ ಕೆಲಸ ಮಾಡಿರುತ್ತದೆ. ಎಲೆಅಡಿಕೆಗೆ ಸುಣ್ಣ ಹೆಚ್ಚಾಗಿ ಬಾಯಿ ಸುಟ್ಟುಕೊಂಡವರಿಗೆ ಕ್ಷಾರದ ಪರಿಚಯ ಇದ್ದೇ ಇರುತ್ತದೆ. ಕಾಸ್ಟಿಕ್ ಸೋಡಾ ಅದರ ದೊಡ್ಡಣ್ಣ. ಆಸಿಡ್ ಬಿದ್ದರೆ ಚರ್ಮದ ಪ್ರೋಟೀನು ಹೆಪ್ಪುಗಟ್ಟಿ ಒಂದು ಪದರವಾಗುತ್ತದೆ, ಅದು ಸ್ವಲ್ಪ ಮಟ್ಟಿಗಾದರೂ ಒಳಗೆ ಇಳಿಯುವುದನ್ನು ತಡೆಯುತ್ತದೆ. ಕ್ಷಾರ ಹಾಗಲ್ಲ, ಕೊಬ್ಬನ್ನು ಸೋಪು ಮಾಡಿ, ಪ್ರೋಟೀನನ್ನು ಕರಗಿಸಿ, ತನಗೆ ತಾನೇ ದಾರಿ ಮಾಡಿಕೊಂಡು ಆಳಕ್ಕೆ ಹೋಗುತ್ತದೆ. ಕೈಯಲ್ಲಿ ಜಾರುವಿಕೆ ಕಂಡಿತೆಂದರೆ ನಿಮ್ಮ ಚರ್ಮದ ಕೊಬ್ಬೇ ಸೋಪಾಗುತ್ತಿದೆ ಎಂದು ಅರ್ಥ.

ಮೊದಮೊದಲು ನೋವು ಗೊತ್ತಾಗದೇ ಇರಬಹುದು, ಅದೇ ಇದರ ಮೋಸ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಪೈಪಿನ ಜೋಡಣೆಯಿಂದ ತೊಟ್ಟಿಕ್ಕಿದ ಕಾಸ್ಟಿಕ್ ದ್ರಾವಣ ನನ್ನ ಕೈಗಡಿಯಾರದ ಪಟ್ಟಿಯೊಳಗೆ ಇಳಿದಿತ್ತು. ಸೋಪಿನ ನೀರು ಅಂದುಕೊಂಡು ಒರೆಸಿ ಸುಮ್ಮನಾದೆ. ಊಟದ ಹೊತ್ತಿಗೆ ಪಟ್ಟಿ ಬಿಚ್ಚಿದಾಗ ಅದರ ಅಗಲಕ್ಕೆ ಚರ್ಮ ಬೆಂದ ಬದನೆಕಾಯಿಯಂತೆ ಆಗಿತ್ತು. ಆ ಗುರುತು ಈಗಲೂ ಇದೆ. ತಪ್ಪು ಪೈಪಿನದಷ್ಟೇ ಅಲ್ಲ, ನನ್ನದೂ ಹೌದು.

ಹಾಗಾಗಿ ಮದ್ದು ಒಂದೇ, ಹರಿಯುವ ನೀರು, ತಕ್ಷಣ, ಬಹಳ ಹೊತ್ತು. ಒಣ ಚಕ್ಕೆ ಬಿದ್ದಿದ್ದರೆ ಮೊದಲು ಒಣ ಬಟ್ಟೆಯಿಂದ ಕೊಡವಿ, ಒದ್ದೆಯಾದ ಬಟ್ಟೆ, ಬಳೆ, ಉಂಗುರ ತೆಗೆದು, ನಲ್ಲಿಯ ಕೆಳಗೆ ಕನಿಷ್ಠ 20ರಿಂದ 30 ನಿಮಿಷ ತೊಳೆಯಿರಿ. ಕಣ್ಣಿಗೆ ಹಾರಿದರೆ ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ ಹಿಡಿದು ಅರ್ಧ ಗಂಟೆ ನೀರು ಹರಿಸಬೇಕು, ಆಮೇಲೆ ನೋವಿರಲಿ ಇಲ್ಲದಿರಲಿ ನೇರ ಕಣ್ಣಿನ ವೈದ್ಯರ ಹತ್ತಿರ. ಕ್ಷಾರ ಕೆಲವೇ ನಿಮಿಷದಲ್ಲಿ ಕಣ್ಣಿನ ಪಾರದರ್ಶಕ ಪಟಲವನ್ನು ದಾಟಿ ಒಳಕ್ಕೆ ಇಳಿಯುತ್ತದೆ. ಎಲೆಅಡಿಕೆ ಸುಣ್ಣದ ಪೊಟ್ಟಣ ಹಿಸುಕಿ ಕಣ್ಣು ಕಳೆದುಕೊಂಡ ಮಕ್ಕಳನ್ನು ನಮ್ಮ ದೇಶದ ಕಣ್ಣಿನ ವೈದ್ಯರು ಇಂದಿಗೂ ನೋಡುತ್ತಿದ್ದಾರೆ, ಕಾಸ್ಟಿಕ್ ಸೋಡಾ ಅದಕ್ಕಿಂತ ಉಗ್ರ. ಮಗು ಬಾಯಿಗೆ ಹಾಕಿಕೊಂಡಿತು ಅಂತಿಟ್ಟುಕೊಳ್ಳಿ, ಬಾಯಿ ತೊಳೆಸಿ, 108ಕ್ಕೆ ಕರೆ ಮಾಡಿ. ವಾಂತಿ ಮಾಡಿಸಬೇಡಿ, ಇಳಿಯುವಾಗ ಸುಟ್ಟದ್ದು ಏರುವಾಗ ಇನ್ನೊಮ್ಮೆ ಸುಡುತ್ತದೆ. ನಿಂಬೆರಸ ಕುಡಿಸಬೇಡಿ. ತುಟಿಯ ಮೇಲೆ ಗಾಯ ಕಾಣದಿದ್ದರೂ ಅನ್ನನಾಳ ಸುಟ್ಟಿರಬಹುದು. ಅದು ಮುಂದೆ ಕಿರಿದಾಗಿ ಅನ್ನ ನುಂಗಲಾಗದ ಸ್ಥಿತಿ ಬರಬಹುದು. ಆದ್ದರಿಂದ "ನೋಡೋಣ" ಎಂದು ಮನೆಯಲ್ಲಿ ಕಾಯುವ ಹಾಗಿಲ್ಲ. ಡಬ್ಬಿಯ ಚೀಟಿಯನ್ನು ಆಸ್ಪತ್ರೆಗೆ ಜೊತೆಗೆ ಒಯ್ಯಿರಿ.

ವಿನೆಗರಿಗೂ ಒಂದು ಜಾಗವಿದೆ. ನೆಲದ ಮೇಲೆ ಚೆಲ್ಲಿದ ಸೋಡಾವನ್ನು ಬಳಿದು, ನೀರಿನಿಂದ ಒರೆಸಿದ ಮೇಲೆ ಉಳಿದ ಜಾರಿಕೆ ಹೋಗಲಾಡಿಸಲು ಅದು ಸರಿಯಾದ ವಸ್ತು.

ಮೋರಿಗೆ ಸುರಿಯುವ ಸಲಹೆ ಮಾತ್ರ ಬೇಡ. ನಾಲ್ಕೂವರೆ ಕೆ.ಜಿ. ಸೋಡಾವನ್ನು ಒಂದೇ ಸಲ ಪೈಪಿಗೆ ಸುರಿದು ನೀರು ಹಾಕಿದರೆ ಅಲ್ಲೇ ಕುದಿಯುತ್ತದೆ, ಪಿವಿಸಿ ಪೈಪು ಮೆತ್ತಗಾಗಿ ಜೋಡಣೆ ಬಿಡಬಹುದು. ನೀರು ಸಾಲದಿದ್ದರೆ ಜಿಡ್ಡಿನ ಜೊತೆ ಸೇರಿ ಕಲ್ಲಿನಂಥ ಸೋಪಿನ ಬಿರಡೆಯಾಗಿ ಕೂರುತ್ತದೆ. ಮಲದ ಗುಂಡಿಗೆ ಹೋದರೆ ಅಲ್ಲಿ ಕೊಳೆಸುವ ಬ್ಯಾಕ್ಟೀರಿಯಾ ಸಾಯುತ್ತವೆ. ಇನ್ನೊಂದು ಮಾತು ಸೇರಿಸಲೇಬೇಕು. ಕಟ್ಟಿದ ಪೈಪಿಗೆ ಕಾಸ್ಟಿಕ್ ಪುಡಿ ಹಾಕಿ, ಕೆಲಸ ಆಗಲಿಲ್ಲವೆಂದು ಮೇಲಿನಿಂದ ಟಾಯ್ಲೆಟ್ ಆಸಿಡ್ ಸುರಿಯುವವರಿದ್ದಾರೆ. ಬಿಸಿ ಎಣ್ಣೆಗೆ ನೀರು ಬಿದ್ದಂತೆ ಮುಖಕ್ಕೆ ಸಿಡಿಯುತ್ತದೆ. ಪುಡಿ ಹಾಕಿದ್ದೀರಿ ಎಂದು ಪೈಪು ಬಿಚ್ಚಲು ಬಂದವನಿಗೆ ಹೇಳದಿದ್ದರೆ ಆ ಪೆಟ್ಟು ಅವನಿಗೆ.

ಬೂದಿನೀರಿನ ಸೋಪು "ಕೆಮಿಕಲ್ ಇಲ್ಲದ್ದು" ಅನ್ನುವುದು ಕೇಳಲು ಚೆಂದ. ಬಾಳೆದಿಂಡು, ಕಟ್ಟಿಗೆಯ ಬೂದಿಯಲ್ಲಿ ಇರುವುದು ಪೊಟ್ಯಾಸಿಯಂ ಕಾರ್ಬೊನೇಟ್, ಅದಕ್ಕೆ ಸುಣ್ಣ ಸೇರಿಸಿದರೆ ಕಾಸ್ಟಿಕ್ ಪೊಟ್ಯಾಶ್ ಆಗುತ್ತದೆ, ಅದು ಕಾಸ್ಟಿಕ್ ಸೋಡಾದ ಒಡಹುಟ್ಟು. ಹಿಂದೆ ಜಗತ್ತಿನ ಅನೇಕ ಕಡೆ ಸೋಪು ಮಾಡಿದ್ದು ಹೀಗೆಯೇ. ಆದರೆ ಇವತ್ತಿನ ಬೂದಿನೀರು ಎಷ್ಟು ಗಟ್ಟಿ, ನಾಳೆಯದು ಎಷ್ಟು ಎಂದು ನಿಮಗೆ ತಿಳಿಯುವುದಿಲ್ಲ. ಅಳತೆ ಗೊತ್ತಿರುವ ಕಾಸ್ಟಿಕ್‌ಗಿಂತ ಅಳತೆ ಗೊತ್ತಿಲ್ಲದ ಬೂದಿನೀರಿಗೆ ನಾನು ಹೆಚ್ಚು ಹೆದರುತ್ತೇನೆ. ರಾಸಾಯನಿಕ ಬೇಡವೇ ಬೇಡ ಅನ್ನುವವರಿಗೆ ಅಂಟುವಾಳ, ಸೀಗೆಕಾಯಿ ಇವೆ.

ಹಾಗಾದರೆ ನಿಮ್ಮ ಮುಂದೆ ಏನಿದೆ? ಸಿದ್ಧ ಸೋಪ್ ಬೇಸ್ ಕೊಂಡು, ಕರಗಿಸಿ, ಬಣ್ಣ, ಸುವಾಸನೆ ಸೇರಿಸಿ ಅಚ್ಚಿಗೆ ಹಾಕುವುದು ಒಂದು ದಾರಿ. ಮನೆಗೆ ಕಾಸ್ಟಿಕ್ ಬರುವುದೇ ಇಲ್ಲ, ಅಪಾಯ ಬಿಸಿ ದ್ರವದ್ದು ಮಾತ್ರ. ಆದರೆ ಅದು ನಿಮ್ಮ ಊರಿನ ಕೊಬ್ಬರಿ ಎಣ್ಣೆಯ ಸೋಪಾಗುವುದಿಲ್ಲ, ಲಾಭದ ಪಾಲು ಬೇಸ್ ಮಾಡಿದವರಿಗೆ ಹೋಗುತ್ತದೆ. ಈಗಿನಂತೆ ಆರು ಮನೆಯಲ್ಲೂ ಮಾಡುವುದಾದರೆ ಆರು ಅಡುಗೆಮನೆಗಳಲ್ಲಿ ಆರು ಡಬ್ಬಿ ಸೋಡಾ, ಆರು ಬಗೆಯ ಎಚ್ಚರ. ಇದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಸಂಘಕ್ಕೆ ಬಾಗಿಲು, ಬೀಗ, ನಲ್ಲಿ ಇರುವ ಒಂದು ಕೋಣೆ ಹುಡುಕುತ್ತಿದ್ದೆ. ಸೋಡಾ ಅಲ್ಲಿಗೇ ಬಂದು ಅಲ್ಲೇ ಮುಗಿಯಬೇಕು, ಕಲಸುವವರು ಇಬ್ಬರೇ ಇರಬೇಕು. ಮಾರಾಟಕ್ಕೆ ಇಳಿಯುವಿರಾದರೆ ಮೈಸೋಪು ಕಾನೂನಿನ ಲೆಕ್ಕದಲ್ಲಿ ಸೌಂದರ್ಯವರ್ಧಕ, ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳ ಪರವಾನಗಿ ಬೇಕು. ಆ ದಾರಿಗೂ ಇಂಥ ಕೋಣೆಯೇ ಮೊದಲ ಹೆಜ್ಜೆ.

ಕಲಸುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಹೆಚ್ಚಿನ ಅನಾಹುತ ಆಗುವುದು ಈ ಹತ್ತು ನಿಮಿಷದಲ್ಲೇ. ನೀರಿಗೆ ಸೋಡಾ ಹಾಕಬೇಕು, ಸೋಡಾಗೆ ನೀರು ಸುರಿಯಬಾರದು. ಸೋಡಾ ಕರಗುವಾಗ ತಾನೇ ಬಿಸಿ ಹುಟ್ಟಿಸುತ್ತದೆ. 174 ಗ್ರಾಂ ಚಕ್ಕೆಯನ್ನು 400 ಗ್ರಾಂ ನೀರಿಗೆ ಬೇಗ ಬೇಗ ಹಾಕಿದರೆ ಒಲೆ ಇಲ್ಲದೆಯೇ ನೀರು 80, 90 ಡಿಗ್ರಿಯ ಹತ್ತಿರ ಹೋಗಬಹುದು. ಸೋಡಾದ ಮೇಲೆ ನೀರು ಸುರಿದರೆ ಆ ಬಿಸಿಯೆಲ್ಲ ಒಂದೇ ಕಡೆ ಸೇರಿ ಕುದಿದು ಸಿಡಿಯುತ್ತದೆ. ತಣ್ಣೀರು ತೆಗೆದುಕೊಂಡು, ಚಮಚ ಚಮಚವಾಗಿ ಹಾಕುತ್ತಾ, ಸ್ಟೀಲ್ ಸೌಟಿನಿಂದ ಕದಡಿ. ಗಾಳಿಯಾಡುವ ಕಡೆ ನಿಂತು ಮಾಡಿ, ಪಾತ್ರೆಯ ಮೇಲೆ ಬಗ್ಗಿ ನೋಡಬೇಡಿ, ಏಳುವ ಆವಿಯಲ್ಲಿ ಸೋಡಾದ ಹನಿಗಳಿರುತ್ತವೆ. ಬದಿಗಳೂ ಮುಚ್ಚಿರುವ ರಕ್ಷಣಾ ಕನ್ನಡಕ ಬೇಕು, ಓದುವ ಕನ್ನಡಕ ಸಾಲದು. ಮೊಣಕೈವರೆಗಿನ ರಬ್ಬರ್ ಗ್ಲೌಸು, ತುಂಬುತೋಳಿನ ಹತ್ತಿ ಬಟ್ಟೆ ಹಾಕಿ, ಸೆರಗನ್ನು ಬಿಗಿಯಾಗಿ ಸಿಕ್ಕಿಸಿ. ಮಗು ಆ ಹೊತ್ತಿಗೆ ಅಜ್ಜಿಯ ಜೊತೆ ಬೇರೆ ಮನೆಯಲ್ಲಿರಲಿ. ಪಕ್ಕದಲ್ಲಿ ತುಂಬಿದ ಎರಡು ಬಕೆಟ್ ನೀರು ಇಟ್ಟುಕೊಂಡೇ ಶುರುಮಾಡಿ, ನಮ್ಮಲ್ಲಿ ನಲ್ಲಿಯ ನೀರನ್ನು ನಂಬುವ ಹಾಗಿಲ್ಲವಲ್ಲ. ಕಲಸಿದ ದ್ರಾವಣವನ್ನು ಯಾವ ಕಾರಣಕ್ಕೂ ಕುಡಿಯುವ ನೀರಿನ ಅಥವಾ ತಂಪು ಪಾನೀಯದ ಬಾಟಲಿಗೆ ತುಂಬಬೇಡಿ. ನೋಡಲು ಅದು ತಿಳಿನೀರೇ.

ಉಳಿದ ಚಕ್ಕೆ ಗಾಳಿಯ ತೇವ ಹೀರಿ ನೀರಾಗುವ ಸ್ವಭಾವದ್ದು. ತಿರುಪಿನ ಮುಚ್ಚಳದ ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, "ಕಾಸ್ಟಿಕ್ ಸೋಡಾ, ಸುಡುತ್ತದೆ, ಮುಟ್ಟಬೇಡಿ" ಎಂದು ದಪ್ಪಕ್ಷರದಲ್ಲಿ ಬರೆದು, ಓದು ಬಾರದವರಿಗಾಗಿ ಕೆಂಪು ಗುರುತು ಹಾಕಿ, ಬೀಗದೊಳಗೆ ಇಡಿ. ಅಟ್ಟದ ಮೇಲೆ ಬೇಡ, ಇಳಿಸುವಾಗ ಮುಖದ ಮೇಲೆಯೇ ಬೀಳುತ್ತದೆ. ಕೆಳಗೆ, ಬೀಗ ಹಾಕುವ ಕಪಾಟಿನಲ್ಲಿ ಇರಲಿ. ಗಡ್ಡೆ ಕಟ್ಟಿದ ಸೋಡಾವನ್ನು ಸೋಪಿಗೆ ತೂಗಬೇಡಿ, ಅದರ ಒಂದು ಪಾಲು ನೀರೋ ವಾಷಿಂಗ್ ಸೋಡಾವೋ ಆಗಿರುವುದರಿಂದ ನಿಮ್ಮ ಲೆಕ್ಕವೆಲ್ಲ ತಪ್ಪುತ್ತದೆ. ಸೋಪಿನ ಕೆಲಸವನ್ನೇ ಕೈಬಿಡುವುದಾದರೆ ಒಡೆಯದ ಪೊಟ್ಟಣವನ್ನು ಅಂಗಡಿಯವನಿಗೆ ಹಿಂದಿರುಗಿಸಲು ಕೇಳಿ ನೋಡಿ, ಇಲ್ಲವೇ ಬಳಸಲು ಗೊತ್ತಿರುವ ಬೇರೆ ಸೋಪಿನವರಿಗೆ ಕೊಟ್ಟುಬಿಡಿ.

ನಾದಿನಿಯ ಕೈ ಇನ್ನೂ ಕೆಂಪಗಿದ್ದರೆ, ಒಸರುತ್ತಿದ್ದರೆ ವೈದ್ಯರಿಗೆ ತೋರಿಸಿ.

ಕೊನೆಗೆ ಆ ಹೊಂಗೆ ಸೋಪು. ಎಸೆಯಬೇಕಾಗಿಲ್ಲ, ಅದಕ್ಕೆ ಬೇಕಾಗಿರುವುದು ಇನ್ನಷ್ಟು ಎಣ್ಣೆ. 45ರಿಂದ 50 ಗ್ರಾಂ ಹೆಚ್ಚಾದ ಸೋಡಾ ಇದೆಯಲ್ಲ, ಅದನ್ನು ತೀರಿಸಿ ಸ್ವಲ್ಪ ಉಳಿಯಲು ಸುಮಾರು 325 ಗ್ರಾಂ ಕೊಬ್ಬರಿ ಎಣ್ಣೆ ಸಾಕು. ಗ್ಲೌಸು, ಕನ್ನಡಕ ಹಾಕಿಕೊಂಡು ಸೋಪನ್ನು ತುರಿದು, ಸ್ಟೀಲ್ ಪಾತ್ರೆಯಲ್ಲಿ ಒಂದು ಲೋಟ ನೀರು ಸೇರಿಸಿ, ಆ ಪಾತ್ರೆಯನ್ನು ಕುದಿಯುವ ನೀರಿನ ಮೇಲಿಟ್ಟು ಮುದ್ದೆಯ ಹದಕ್ಕೆ ಕರಗಿಸಿ. ಎಣ್ಣೆ ಸೇರಿಸಿ ಒಂದೆರಡು ಗಂಟೆ ಸಣ್ಣ ಉರಿಯಲ್ಲಿ ಕದಡುತ್ತಾ ಬೇಯಿಸಿ ಅಚ್ಚಿಗೆ ಹಾಕಿ. ವಾರದ ಮೇಲೆ ಒಂದು ಗ್ರಾಂ ಸೋಪನ್ನು 100 ಮಿ.ಲೀ. ನೀರಿನಲ್ಲಿ ಕರಗಿಸಿ ಪಿಎಚ್ ಕಾಗದ ಅದ್ದಿ ನೋಡಿ. ಒಂಬತ್ತರಿಂದ ಹತ್ತರ ಬಣ್ಣ ಬಂದರೆ ಸರಿ, ಹನ್ನೊಂದು ದಾಟಿದರೆ ಮತ್ತೆ ಪಾತ್ರೆಗೆ. ನಾಲಿಗೆಗೆ ಮುಟ್ಟಿಸಿ ಚುರುಕ್ ಅನ್ನುತ್ತದೆಯೇ ಎಂದು ನೋಡುವ ಪರೀಕ್ಷೆಯನ್ನು ಮಾತ್ರ ಮಾಡಬೇಡಿ. ಕಾಗದದಲ್ಲಿ ಸರಿಬಂದರೂ ಈ ಸೋಪು ಹತ್ತಿ ಬಟ್ಟೆ ಒಗೆಯಲು ಮಾತ್ರ ಇರಲಿ, ಮೈಗೆ ಬೇಡ. ರೇಷ್ಮೆ ಸೀರೆ, ಉಣ್ಣೆಯ ಬಟ್ಟೆಗೂ ತಾಗಿಸಬೇಡಿ, ಅವೂ ನಿಮ್ಮ ಚರ್ಮದಂತೆ ಪ್ರೋಟೀನೇ.